ಕಡಲ ತಡಿಯ ಆಯ್ಕೆ: ಪ್ಲಿನಿಯ ಕಾಲದಿಂದ ನೇತ್ರಾಣಿಯವರೆಗೆ



ಕಳೆದ ವಾರ ಹಳೆಯ ಶಿಷ್ಯನೊಬ್ಬನ ಪತ್ರ ಬಂದಿತು. ಈಗ ಅವನು ಬೆಂಗಳೂರಿನಲ್ಲಿ ಎಂಜಿನಿಯರು. "ಸರ್, ಸಂಕ್ರಾಂತಿಯ ರಜೆಗೆ ನಾಲ್ಕು ದಿನ ಸಮುದ್ರದ ಕಡೆ ಹೋಗುವ ಯೋಚನೆಯಿದೆ. ನಮಗಿಬ್ಬರಿಗೆ ಮರಳಿನ ಮೇಲೆ ಕುಳಿತರೆ ಸಾಕು. ಮಗಳಿಗೆ ಮಾತ್ರ ನೀರಿನ ತಳಕ್ಕಿಳಿದು ಹವಳ ನೋಡಬೇಕಂತೆ. ಯಾವ ಊರು ಒಳ್ಳೆಯದು?" ಎಂದು ಕೇಳಿದ್ದಾನೆ. ಇತಿಹಾಸದ ಮೇಷ್ಟರನ್ನು ದಾರಿ ಕೇಳಿದರೆ ಮೊದಲು ಇತಿಹಾಸವನ್ನೇ ಕೇಳಬೇಕಾಗುತ್ತದೆ ಎಂಬುದು ಅವನಿಗೆ ಗೊತ್ತಿರಬೇಕು. ಉತ್ತರವನ್ನು ಎಲ್ಲರಿಗೂ ಸಲ್ಲುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ.

ನಮ್ಮ ಪಶ್ಚಿಮ ಕರಾವಳಿಯ ಯಾವ ತಾಣದಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಎಂದು ಬರೆದಿಟ್ಟವರಲ್ಲಿ ಬಹು ಹಿಂದಿನವನೊಬ್ಬನೆಂದರೆ ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ. ಮುಜಿರಿಸ್ ಬಂದರಿನಲ್ಲಿ ಇಳಿಯುವುದು ಅಷ್ಟು ಹಿತವಲ್ಲ, ಹತ್ತಿರದ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ, ಹಡಗುಗಳು ದಡದಿಂದ ಬಹಳ ದೂರದಲ್ಲಿ ನಿಲ್ಲಬೇಕಾಗುತ್ತದೆ ಎಂದು ಅವನು ಎಚ್ಚರಿಸುತ್ತಾನೆ. ಹಡಗುಗಳಲ್ಲಿ ಬಿಲ್ಲುಗಾರರ ತುಕಡಿ ಇರುತ್ತಿತ್ತೆಂದೂ ಹೇಳುತ್ತಾನೆ. ಈ ನಿತ್ರಿಯಾಸ್ ಯಾವುದು? ನೇತ್ರಾವತಿಯ ಹೆಸರನ್ನು ಹಿಡಿದು ಮಂಗಳೂರೆಂದು ಕೆಲವರು ಹೇಳಿದರೆ, ಮುರುಡೇಶ್ವರದ ಎದುರಿಗೆ ಸುಮಾರು 10 ನಾಟಿಕಲ್ ಮೈಲಿ ದೂರದಲ್ಲಿರುವ ನೇತ್ರಾಣಿ ದ್ವೀಪವೇ ಎಂದು ಬೇರೆ ಕೆಲವರು ಊಹಿಸಿದ್ದಾರೆ. ಊಹೆ ಊಹೆಯೇ. ಆದರೆ ಒಂದು ಕಾಲಕ್ಕೆ ದೂರವಿರಿ ಎಂದು ಹೇಳಿಸಿಕೊಂಡ ದ್ವೀಪಕ್ಕೆ ಇಂದು ನಾವು ಹಣ ಕೊಟ್ಟು ಹೋಗುತ್ತಿದ್ದೇವೆಯೇನೋ ಎಂದು ನೆನೆದರೆ ನಗು ಬರುತ್ತದೆ.

ಕಡಲಿಗೆ ಸುಖಕ್ಕಾಗಿ ಹೋಗುವ ಪದ್ಧತಿ ತೀರ ಈಚಿನದು. 1750ರಲ್ಲಿ ರಿಚರ್ಡ್ ರಸೆಲ್ ಎಂಬ ಇಂಗ್ಲಿಷ್ ವೈದ್ಯನು ಗ್ರಂಥಿರೋಗಗಳಿಗೆ ಸಮುದ್ರದ ನೀರು ಮದ್ದೆಂದು ಪುಸ್ತಕ ಬರೆದನು. ಮೀಯುವುದಷ್ಟೇ ಅಲ್ಲ, ಕುಡಿಯಬೇಕೆಂದೂ ಅವನ ಸಲಹೆ! ಬ್ರೈಟನ್ ಎಂಬ ಬೆಸ್ತರ ಊರಿಗೆ ರೋಗಿಗಳು ಬಂದರು. 1783ರಲ್ಲಿ ರಾಜಕುಮಾರ ಬಂದನು. 1841ರಲ್ಲಿ ಲಂಡನ್ನಿನಿಂದ ರೈಲು ಬಂದಿತು. ರೈಲು ಬಂದ ಮೇಲೆ ರೋಗದ ನೆಪ ಯಾರಿಗೂ ಬೇಕಾಗಲಿಲ್ಲ.

ನಮ್ಮಲ್ಲಿ ಈ ಬಗೆಯ ಮೊದಮೊದಲ ಅತಿಥಿಗಳಲ್ಲಿ ಒಬ್ಬರು ರವೀಂದ್ರನಾಥ ಠಾಕೂರರು. 1883ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಅವರು ಬಂದಿದ್ದರು. ಒಂದು ಬೆಳುದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ, ಹಿಂದಿರುಗುವಾಗ ನದಿ ಕಡಲನ್ನು ಸೇರುವಲ್ಲಿ ಇಳಿದು, ಸಮುದ್ರದ ದಾರಿಯನ್ನು ಬಿಟ್ಟು ಮರಳಿನ ಮೇಲೆ ನಡೆದೇ ಮನೆ ಸೇರಿದುದನ್ನು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ಅಲ್ಲಿ ಇಳಿದುದು ಎಷ್ಟು ಒಳ್ಳೆಯ ನಿರ್ಧಾರವೆಂದು ನನಗೆ ಅರಿವಾದುದು ಬಹಳ ತಡವಾಗಿ.

1986ರ ಡಿಸೆಂಬರಿನಲ್ಲಿ ನಾವು ಇಬ್ಬರು ಉಪಾಧ್ಯಾಯರು 42 ಮಕ್ಕಳನ್ನು ಉತ್ತರ ಕನ್ನಡಕ್ಕೆ ಪ್ರವಾಸ ಕರೆದೊಯ್ದಿದ್ದೆವು. ಬಯಲುಸೀಮೆಯ ಮಕ್ಕಳು, ಕೆರೆಯನ್ನಷ್ಟೇ ಕಂಡವರು. ಒಂದು ಊರಿನ ದಡದಲ್ಲಿ ಅಲೆಯೇ ಇಲ್ಲದ ಶಾಂತವಾದ ಜಾಗವೊಂದು ಕಂಡಿತು. "ಇಲ್ಲಿ ಇಳಿಯಿರಿ, ಅಲೆಯಿಲ್ಲ" ಎಂದವನು ನಾನೇ. ಐದು ನಿಮಿಷ ಕಳೆದಿರಲಾರದು, ಏಳನೆಯ ತರಗತಿಯ ಹುಡುಗನೊಬ್ಬ ನಿಂತ ನಿಲುವಿನಲ್ಲೇ ದೂರ ದೂರ ಸರಿಯತೊಡಗಿದ. ಕೂಗಲಿಲ್ಲ, ಕೈ ಮಾತ್ರ ಕಾಣುತ್ತಿತ್ತು. ಬಲೆ ಸರಿಪಡಿಸುತ್ತ ಕುಳಿತಿದ್ದ ವೃದ್ಧರೊಬ್ಬರು ಬೊಬ್ಬೆ ಹಾಕಿದರು. ಇಬ್ಬರು ತರುಣರು ಸಣ್ಣ ಪಾತಿಯನ್ನು ನೂಕಿಕೊಂಡು ಹೋಗಿ ಅವನನ್ನು ಎತ್ತಿ ತಂದರು. ಹುಡುಗ ನೀರು ಕಕ್ಕಿ ಅಳಲಾರಂಭಿಸಿದ ಮೇಲೆ ಆ ವೃದ್ಧರು ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು: "ಮಕ್ಕಳನ್ನ ಅಳಿವೆ ಬಾಯಲ್ಲಿ ಇಳಿಸುದಾ, ಮಾಸ್ತರ್ರೇ?"

ಪ್ಲಿನಿಯ ನಿತ್ರಿಯಾಸನ್ನು ವರ್ಷವರ್ಷವೂ ಪಾಠ ಮಾಡುತ್ತಿದ್ದ ನನಗೆ ಅಳಿವೆ ಎಂಬ ಪದ ಗೊತ್ತಿರಲಿಲ್ಲ. ನದಿಯು ಕಡಲನ್ನು ಸೇರುವ ಬಾಯಿಯದು. ಇಳಿತದ ಹೊತ್ತಿನಲ್ಲಿ ಅಲ್ಲಿಯ ನೀರೆಲ್ಲ ಒಳಗಡಲಿಗೆ ಎಳೆದುಕೊಳ್ಳುತ್ತದೆ. ಅಳಿವೆಯಿಲ್ಲದ ದಡದಲ್ಲಿಯೂ ಇಂಥ ಸೆಳವು ಉಂಟು. ಅಲೆಗಳು ತಂದೊಟ್ಟಿದ ನೀರು ಇಕ್ಕಟ್ಟಾದ ಒಂದು ಕಾಲುವೆಯಲ್ಲಿ ರಭಸದಿಂದ ಹಿಂದಿರುಗುತ್ತದೆ. ಅಲ್ಲಿ ಅಲೆ ಒಡೆಯುವುದಿಲ್ಲವಾದ್ದರಿಂದ ಅರಿಯದವರ ಕಣ್ಣಿಗೆ ಅದೇ ಸುರಕ್ಷಿತವಾಗಿ ಕಾಣುತ್ತದೆ. ಸಿಕ್ಕಿಬಿದ್ದವರು ದಡದ ಕಡೆಗೆ ಹೋರಾಡಬಾರದು. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಹೊರಬರಬೇಕು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ತೀರಿಕೊಂಡ ಸುದ್ದಿಯನ್ನು ಓದಿದ ದಿನ ನಾನು ಊಟ ಮಾಡಲಿಲ್ಲ.

ಕರಾವಳಿಯ ಜನ ಕಡಲಿನೊಡನೆ ಲೆಕ್ಕಾಚಾರದಿಂದಲೇ ಬಾಳಿದವರು. ಮಳೆಗಾಲದಲ್ಲಿ ದೋಣಿಗಳು ದಡದಲ್ಲಿ. ಶ್ರಾವಣದ ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಪೂಜಿಸಿದ ಮೇಲೆ ಮತ್ತೆ ನೀರಿಗೆ. ಇಂದು ನಾವು ಬೀಚ್ ಎಂದು ಕರೆಯುವ ಮರಳು ಅವರ ಕಾರ್ಯಾಗಾರ. ರಂಪಣಿ ಬಲೆಯನ್ನು ಹತ್ತಾರು ಮಂದಿ ಒಟ್ಟಾಗಿ ಎಳೆಯುತ್ತಿದ್ದುದು ಅಲ್ಲಿಯೇ. 1970ರ ದಶಕದ ಕೊನೆಗೆ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದು ರಂಪಣಿ ಹಿಂದೆ ಸರಿಯಿತು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆದ ಮೇಲೆ, ಬ್ರೈಟನ್ನಿಗೆ ಆದುದೇ ನಮ್ಮ ದಡಗಳಿಗೂ ಆಗಿದೆ.

ಇನ್ನು ಮಗಳ ವಿಷಯ. ಮನುಷ್ಯ ಬೆನ್ನ ಮೇಲೆ ಗಾಳಿ ಹೊತ್ತು ಮೀನಿನಂತೆ ಸ್ವತಂತ್ರವಾಗಿ ಈಜುವುದು ಸುಲಭಸಾಧ್ಯವಾದುದು 1943ರಲ್ಲಿ, ಫ್ರಾನ್ಸಿನ ನೌಕಾಧಿಕಾರಿ ಕುಸ್ತೋ ಮತ್ತು ಎಂಜಿನಿಯರ್ ಗಾನ್ಯಾನ್ ಎಂಬವರು ರೂಪಿಸಿದ ಅಕ್ವಾಲಂಗ್ ಉಪಕರಣದಿಂದ. ಅದಕ್ಕೆ ಮೊದಲು ದೊಡ್ಡ ಲೋಹದ ಶಿರಸ್ತ್ರಾಣ, ದೋಣಿಯಿಂದ ಗಾಳಿಯ ಕೊಳವೆ. ನೀರಿನಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಈ ಯಂತ್ರದ ಕವಾಟವು ಸುತ್ತಲಿನ ಒತ್ತಡಕ್ಕೆ ಸರಿಯಾಗಿ, ಉಸಿರೆಳೆದಾಗ ಮಾತ್ರ, ಗಾಳಿ ಕೊಡುತ್ತದೆ. ಹಾಗಾಗಿಯೇ ಮೇಲೇರುವಾಗ ಉಸಿರು ಬಿಗಿ ಹಿಡಿಯಬಾರದು. ಎದೆಯೊಳಗಿನ ಗಾಳಿ ಹಿಗ್ಗುತ್ತದೆ. ಧುಮುಕಿದ ಮೇಲೆ ಸುಮಾರು 18 ಗಂಟೆ ವಿಮಾನ ಹತ್ತಬಾರದೆಂಬುದೂ ಒತ್ತಡದ ಕಾರಣಕ್ಕೇ. ಕಿವಿನೋವು, ಉಬ್ಬಸ ಇರುವವರು ಮೊದಲು ವೈದ್ಯರನ್ನು ಕಾಣಬೇಕು.

ಇಲ್ಲಿ ಒಂದು ತೊಡಕಿದೆ. ಕುಳಿತು ನೋಡಲು ಚೆಂದವಾದ ನಮ್ಮ ದಡಗಳು ಮುಳುಗಿ ನೋಡಲು ಬಾರವು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲವೂ ಘಟ್ಟದ ಮಣ್ಣನ್ನು ತಂದು ಸುರಿಯುವುದರಿಂದ ದಡದ ನೀರು ಕದಡಿರುತ್ತದೆ. ಅಳಿವೆಗಳಿಂದ ದೂರವಿರುವುದರಿಂದಲೇ ನೇತ್ರಾಣಿಯ ಸುತ್ತ ತಿಳಿನೀರೂ ಹವಳವೂ ಇವೆ. ಗುಹೆಗಳ ಪಾರಿವಾಳಗಳಿಂದಾಗಿ ಆಂಗ್ಲರು ಅದನ್ನು ಪಾರಿವಾಳದ ದ್ವೀಪವೆಂದು ಕರೆದರು. ಅಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳಿವೆ. ಮೀನುಗಾರರು ಹರಕೆ ಸಲ್ಲಿಸುವ ಜಟ್ಟಿಗೇಶ್ವರನಿದ್ದಾನೆ. ಇದೇ ದ್ವೀಪವನ್ನು ನೌಕಾಪಡೆಯವರು ಬಹುಕಾಲ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ್ದು, ಪರಿಸರಪ್ರಿಯರು ಅದನ್ನು ವಿರೋಧಿಸಿದ್ದು ಬೇರೆಯೇ ಒಂದು ಕಥೆ. ಸ್ಫಟಿಕದಂಥ ನೀರೇ ಬೇಕೆಂದರೆ ಲಕ್ಷದ್ವೀಪ, ಅಂಡಮಾನ್ ಉಂಟು. ನಾಲ್ಕು ದಿನಕ್ಕೆ ಅದು ದೂರದ ಮಾತು.

ಆದುದರಿಂದ ನನ್ನ ಸಲಹೆ ಇಷ್ಟು. ಮುರುಡೇಶ್ವರದಲ್ಲಿ ತಂಗಿರಿ. ಬೆಳಿಗ್ಗೆ ಬೇಗನೆ ಮಗಳು ದೋಣಿಯಲ್ಲಿ ನೇತ್ರಾಣಿಗೆ ಹೋಗಲಿ. ಈಜು ಬಾರದವರನ್ನೂ ಒಬ್ಬ ತರಬೇತುದಾರ ಕೈಹಿಡಿದು ಇಳಿಸುತ್ತಾನೆ. ಅವನ ಪ್ರಮಾಣಪತ್ರವನ್ನು ನೋಡಲು, ದೋಣಿಯಲ್ಲಿ ಆಮ್ಲಜನಕ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಮರಳಿನಲ್ಲಿ ಕೂರುವುದಕ್ಕೆ ಒಂದು ದಿನ ಹೊನ್ನಾವರದ ಕಾಸರಕೋಡಿಗೆ ಹೋಗಿ. 2020ರಲ್ಲಿ ಅದಕ್ಕೆ ನೀಲಿ ಬಾವುಟದ ಮನ್ನಣೆ ದೊರೆಯಿತು. ಎಲ್ಲಿಯೇ ಆಗಲಿ, ಕಾಲು ನೆನೆಸುವ ಮೊದಲು ಜೀವರಕ್ಷಕರನ್ನೋ ಬಲೆ ಹೆಣೆಯುತ್ತಿರುವವರನ್ನೋ "ಇಲ್ಲಿ ಇಳಿಯಬಹುದೇ?" ಎಂದು ಕೇಳಿ.

ಪತ್ರ ಬರೆದ ಶಿಷ್ಯ ಯಾರೆಂದು ಅಂದಿನ ಪ್ರವಾಸದಲ್ಲಿದ್ದವರು ಈಗಾಗಲೇ ಊಹಿಸಿರಬಹುದು. ಹೌದು, ಅವನೇ. ಮೂವತ್ತೆಂಟು ವರ್ಷ ಕಡಲ ಕಡೆ ತಲೆ ಹಾಕದಿದ್ದವನು ಈಗ ಮಗಳಿಗಾಗಿ ಹೊರಟಿದ್ದಾನೆ. "ನೀವೂ ಬನ್ನಿ ಸರ್" ಎಂದು ಪತ್ರದ ಕೊನೆಗೆ ಬರೆದಿದ್ದಾನೆ. ಮಂಡಿನೋವಿದೆ, ದೋಣಿ ಹತ್ತಲಾರೆ. ದಡದಲ್ಲಿ ಕುಳಿತಿರುತ್ತೇನೆ, ಒಂದು ಮಡಚುವ ಕುರ್ಚಿ ತಾ ಎಂದು ಉತ್ತರಿಸಿದ್ದೇನೆ.