ಚಪ್ಪಡಿಯಿಂದ ಅಲ್ಯೂಮಿನಿಯಂ ಹೆಂಚಿನವರೆಗೆ: ನಮ್ಮ ಸೂರುಗಳ ಚರಿತ್ರೆ

ಸಂಘದ ಹುಟ್ಟು, ಷೇರು ಬಂಡವಾಳ, ಸಾಲ ವಸೂಲಿ ಇವುಗಳ ಬಗ್ಗೆ ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಬಲ್ಲವರು ಬರೆಯುತ್ತಾರೆ. ನಾವು ಬರೆಯಹೊರಟಿರುವುದು ನಮ್ಮ ತಲೆಯ ಮೇಲಿನ ಸೂರಿನ ಬಗ್ಗೆ. ಸೂರಿಗೂ ಸಹಕಾರ ಸಂಘಕ್ಕೂ ಏನಪ್ಪಾ ಸಂಬಂಧ ಅಂತ ಕೆಲವರು ಕೇಳಬಹುದು. ಹಸು, ಬೋರ್‌ವೆಲ್ಲು, ಮಗಳ ಮದುವೆ ಬಿಟ್ಟರೆ ರೈತ ಸಾಲಕ್ಕೆ ಓಡಾಡುವುದು ಮನೆ ರಿಪೇರಿಗೇ ತಾನೆ? ಈಗಂತೂ ಹಳೇ ಮನೆ ಇರುವವರ ಬಾಯಲ್ಲಿ ಹೊಸದೊಂದು ಮಾತು ಕೇಳಿಬರುತ್ತಿದೆ: ಅಲ್ಯೂಮಿನಿಯಂ ಶಿಂಗಲ್, ಅಂದರೆ ತಗಡಿನಲ್ಲಿ ಅಚ್ಚೊತ್ತಿದ ಹೆಂಚು. ಅದನ್ನು ಹಾಕಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಮುಂಚೆ ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯಲ್ಲಿ ಸೂರುಗಳು ಹೇಗೆ ಬದಲಾದವು ಎಂದು ಒಮ್ಮೆ ಹಿಂತಿರುಗಿ ನೋಡುವುದು ಒಳ್ಳೆಯದು.

ನಮ್ಮದು ಬಂಡೆಗಳ ನಾಡು. ಮಲೆನಾಡಿನವರಿಗೆ ಮರ ಹೇಗೋ ನಮಗೆ ಕಲ್ಲು ಹಾಗೆ. ಕೋಲಾರಮ್ಮನ ಗುಡಿ, ಕುರುಡುಮಲೆಯ ಸೋಮೇಶ್ವರ, ನೊಳಂಬರ ಕಾಲದ ಆವಣಿಯ ಗುಡಿಗಳು, ಎಲ್ಲಿ ಹೋಗಿ ತಲೆಯೆತ್ತಿ ನೋಡಿದರೂ ಮೇಲೆ ಕಲ್ಲಿನ ಚಪ್ಪಡಿಯೇ. ದೇವರ ಮನೆಗೆ ಬಂದ ಕಲ್ಲು ಒಕ್ಕಲಿನ ಮನೆಗೂ ಬಂತು. ಬಂಡೆಯ ಮೇಲೆ ಸೌದೆ ಉರಿಸಿ, ಕಾವು ಕೊಟ್ಟು, ಪದರ ಬಿಡಿಸಿ, ಉಳಿ ಹೊಡೆದು ಸೀಳಿ ಉದ್ದುದ್ದ ಚಪ್ಪಡಿ ಎಬ್ಬಿಸುವ ವಿದ್ಯೆ ನಮ್ಮ ಕಡೆಯ ಬೋವಿ ಜನರ ಕೈಯಲ್ಲಿತ್ತು. ಗೋಡೆಯಿಂದ ಗೋಡೆಗೆ ಚಪ್ಪಡಿ ಇಳಿಸಿ, ಸಂದಿಗೆ ಗಾರೆ ತುಂಬಿ, ಮೇಲೆ ಮಣ್ಣು ಹಾಕಿ ತಟ್ಟಿದರೆ ಮುಗಿಯಿತು, ಮೂರು ತಲೆಮಾರಿಗೆ ಯೋಚನೆಯಿಲ್ಲ. ಅನುಕೂಲವಿಲ್ಲದವರಿಗೆ ತೊಲೆ ಜಂತೆಯ ಮೇಲೆ ಮಣ್ಣು ಮುಚ್ಚಿದ ಮಾಳಿಗೆ. ಅದೂ ಇಲ್ಲದವರಿಗೆ ಹುಲ್ಲಿನ ಗುಡಿಸಲು, ಬೇಸಿಗೆ ಬಂದರೆ ಬೆಂಕಿಯ ಭಯ. ಸೂರು ನೋಡಿ ಮನೆಯವನ ಅಂತಸ್ತು ಹೇಳುತ್ತಿದ್ದ ಕಾಲ ಅದು. ಈಗಲೂ ಪೂರ್ತಿ ಹೋಗಿಲ್ಲ ಬಿಡಿ.

ಚಪ್ಪಡಿಯ ಒಂದೇ ತೊಡಕು ಅದರ ಭಾರ. ಮೂರಂಗುಲ ದಪ್ಪದ ಚಪ್ಪಡಿ ಒಂದು ಚದರಡಿಗೆ ಸುಮಾರು 18 ಕೆಜಿ ತೂಗುತ್ತದೆ. ಅದನ್ನು ಹೊರಲು ಗಟ್ಟಿ ಗೋಡೆ ಬೇಕು, ಕೋಣೆಯನ್ನು ಅಗಲ ಮಾಡುವ ಹಾಗಿಲ್ಲ. ಹಳೇ ಮನೆಗಳ ಕೋಣೆಗಳು ಓಣಿಯ ಹಾಗೆ ಉದ್ದಕ್ಕಿರುವುದು ಇದೇ ಕಾರಣಕ್ಕೆ.

ಆಮೇಲೆ ಬಂತು ರೈಲು. ಬೆಂಗಳೂರಿನಿಂದ ಮಾಲೂರಿನ ಮೇಲೆ ಜೋಲಾರಪೇಟೆಗೆ 1864ರಲ್ಲಿ ಹಳಿ ಬಿತ್ತು. ಅದರ ಮಾರನೇ ವರ್ಷವೇ, 1865ರಲ್ಲಿ, ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದರು. ಕುಂಬಾರರ ನಾಡಹೆಂಚು ಒಂದರ ಮೇಲೊಂದು ಸುಮ್ಮನೆ ಮಲಗುತ್ತಿತ್ತು. ಮಂಗಳೂರು ಹೆಂಚಿಗೆ ಒಂದನ್ನೊಂದು ಕಚ್ಚಿಕೊಳ್ಳುವ ಅಂಚು ಇತ್ತು. ಈ ಅಂಚನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ನಮ್ಮ ಕಡೆ ಈ ಕಸುಬು ಬೇರೂರಿದ್ದು ಮಾಲೂರಿನಲ್ಲಿ. ಮಾಲೂರಿನ ಜೇಡಿಮಣ್ಣು, ಪಕ್ಕದಲ್ಲೇ ರೈಲು, ಇನ್ನೇನು ಬೇಕು? ಮಾಲೂರು ಹೆಂಚು, ಮಾಲೂರು ಇಟ್ಟಿಗೆ ಅಂದರೆ ಬೆಂಗಳೂರಿನಲ್ಲೂ ಹೆಸರು. ಆರ್‌ಸಿಸಿ ಬಂದ ಮೇಲೆ ಹೆಂಚಿನ ಕಡೆ ಜನ ತಿರುಗಿ ನೋಡುವುದು ಕಡಿಮೆಯಾಯಿತು. ಉಳಿದ ಹೆಂಚಿನ ಮನೆಯವರಿಗೆ ಕೋತಿ ಕಾಟ.

ತಗಡಿನ ಸೂರು ನಮಗೆ ಪರಿಚಯವಾದದ್ದು ಚಿನ್ನದ ಗಣಿಯಿಂದ. ಜಾನ್ ಟೇಲರ್ ಕಂಪನಿ 1880ರಲ್ಲಿ ಕೋಲಾರದ ಗಣಿಗೆ ಕೈಹಾಕಿತು. ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಗಣಿಗೆ ರೈಲು ಬಂದದ್ದು 1894ರಲ್ಲಿ. ಸುಕ್ಕುಸುಕ್ಕಾಗಿ ಮಡಿಸಿದ ಕಬ್ಬಿಣದ ತಗಡಿಗೆ ಇಂಗ್ಲೆಂಡಿನಲ್ಲಿ 1829ರಲ್ಲೇ ಪೇಟೆಂಟ್ ಆಗಿತ್ತು. ಅದಕ್ಕೆ ಸತುವಿನ ಲೇಪ ಕೊಟ್ಟದ್ದೇ ನಾವು ಜಿಂಕ್ ಶೀಟು ಅನ್ನುವುದು. ಗಣಿಯ ಶೆಡ್ಡುಗಳ ಮೇಲೆ, ಕೂಲಿಯವರ ಲೈನು ಮನೆಗಳ ಮೇಲೆ ಈ ಶೀಟು ಕೂತಿತು. ನೆಲದಡಿ ಬೆಂದು ಮೇಲೆ ಬಂದವನು ಶೀಟಿನಡಿ ಮತ್ತೆ ಬೇಯಬೇಕು, ಚಳಿಗಾಲದಲ್ಲಿ ಮರಗಟ್ಟಬೇಕು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ತಗಡಿನ ಸೂರು ಅಂದರೆ ಬಡವರ ಸೂರು ಎಂಬ ಮಾತು ಮಾತ್ರ ನಮ್ಮ ಸೀಮೆಯಲ್ಲಿ ಉಳಿದುಬಿಟ್ಟಿದೆ. ಅಲ್ಯೂಮಿನಿಯಂ ಹೆಂಚಿನ ಸುದ್ದಿ ಬಂದಾಗ ನಮ್ಮ ಹಿರಿಯರು ಮೂಗು ಮುರಿಯುವುದು ಇದಕ್ಕೇ.

ಆದರೆ ಅಲ್ಯೂಮಿನಿಯಂ ಬಡವರ ಲೋಹವಾಗಿದ್ದು ಈಚೆಗೆ. ವಿದ್ಯುತ್ತಿನಿಂದ ಅದನ್ನು ಅಗ್ಗವಾಗಿ ತೆಗೆಯುವ ದಾರಿಯನ್ನು ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬಿಬ್ಬರು 1886ರಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದರು. ಅಲ್ಲಿಯವರೆಗೆ ಅದು ಸಾಮಾನ್ಯರ ಕೈಗೆ ಎಟುಕುವ ವಸ್ತುವಾಗಿರಲಿಲ್ಲ. ಹತ್ತು ಹನ್ನೆರಡು ವರ್ಷದೊಳಗೇ ರೋಮಿನ ಸ್ಯಾನ್ ಜೊಯಾಕಿನೊ ಚರ್ಚಿನ ಗುಮ್ಮಟಕ್ಕೆ ಅಲ್ಯೂಮಿನಿಯಂ ತಗಡು ಹೊದಿಸಿದರು. ನಮ್ಮ ದೇಶದಲ್ಲಿ ಕೇರಳದ ಆಲುವಾ ಬಳಿ 1943ರಲ್ಲಿ ಈ ಲೋಹ ತೆಗೆಯಲು ಶುರುವಾಯಿತು, ಆಮೇಲೆ ನಮ್ಮ ಬೆಳಗಾವಿಗೂ ಕಾರ್ಖಾನೆ ಬಂತು. ನಮ್ಮ ಅಡಿಗೆಮನೆಗೆ ಅದು ಪಾತ್ರೆಯಾಗಿ ಬಂದು ಬಹಳ ಕಾಲವಾಯಿತು. ಸೂರಿನ ಮೇಲೆ ಹತ್ತುತ್ತಿರುವುದು ಈಗ.

ಇನ್ನು ಅಸಲು ವಿಷಯ. ಪೇಟೆಯಲ್ಲಿ 'ಮೆಟಲ್ ಹೆಂಚು' ಎಂದು ತೋರಿಸುವುದೆಲ್ಲ ಅಲ್ಯೂಮಿನಿಯಂ ಅಲ್ಲ. ಬಹುಪಾಲು ಉಕ್ಕಿನ ತಗಡು, ಮೇಲೆ ಅಲ್ಯೂಮಿನಿಯಂ ಸತು ಬೆರೆತ ಲೇಪ. ಆ ಲೇಪದಲ್ಲಿ ನೂರಕ್ಕೆ 55 ಪಾಲು ಅಲ್ಯೂಮಿನಿಯಂ ಇರುವುದರಿಂದ ಅಂಗಡಿಯವರು ಧೈರ್ಯವಾಗಿ ಆ ಹೆಸರು ಹೇಳುತ್ತಾರೆ. ಅಯಸ್ಕಾಂತ ಹಿಡಿದು ನೋಡಿ: ಅಂಟಿಕೊಂಡರೆ ಉಕ್ಕು. ಉಕ್ಕಿನದ್ದು ಕೆಟ್ಟದ್ದೇನಲ್ಲ. ಅಪ್ಪಟ ಅಲ್ಯೂಮಿನಿಯಂಗೆ ದುಡ್ಡು ಜಾಸ್ತಿ, ಅದಕ್ಕೆ ತುಕ್ಕಿಲ್ಲ, ಸಮುದ್ರದ ಉಪ್ಪುಗಾಳಿಗೂ ಜಗ್ಗುವುದಿಲ್ಲ ಎಂಬುದು ಅದರ ಹೆಚ್ಚುಗಾರಿಕೆ. ಮಂಗಳೂರಿನವರಿಗೆ ಅದು ದೊಡ್ಡ ಮಾತು. ಸಮುದ್ರದಿಂದ ಇಷ್ಟು ದೂರ ಇರುವ ಮುಳಬಾಗಿಲಿನವರು ಉಪ್ಪುಗಾಳಿಗೆಂದು ಹೆಚ್ಚು ದುಡ್ಡು ಕೊಡಬೇಕಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ನಮಗೆ ಅದರಿಂದ ಏನು ಉಪಯೋಗ? ಹಗುರ. ಮಂಗಳೂರು ಹೆಂಚು ಚದರಡಿಗೆ ಮೂರೂವರೆ ನಾಲ್ಕು ಕೆಜಿ ಬಿದ್ದರೆ, ಮುಕ್ಕಾಲು ಮಿಲಿಮೀಟರಿಗೆ ತುಸು ಕಡಿಮೆ ದಪ್ಪದ ಅಲ್ಯೂಮಿನಿಯಂ ಹೆಂಚು ಮಡಿಕೆಗಳೆಲ್ಲ ಸೇರಿ ಕಾಲು ಕೆಜಿ ಆಸುಪಾಸು. ತಾತನ ಕಾಲದ ಮಣ್ಣುಗೋಡೆ ಇನ್ನೂ ಗಟ್ಟಿಯಾಗಿದೆ, ಮೇಲೆ ಆರ್‌ಸಿಸಿ ಹಾಕಿದರೆ ತಡೆಯುವುದಿಲ್ಲ, ಕೆಡವಿ ಕಟ್ಟಲು ದುಡ್ಡಿಲ್ಲ ಎನ್ನುವ ಸದಸ್ಯರಿಗೆ ಇದು ದಾರಿ. ಆದರೆ ಹಗುರವಾದದ್ದು ಗಾಳಿಗೂ ಹಗುರವೇ. ಮಾವಿನ ಕಾಲದಲ್ಲಿ ಏಳುವ ಬಿರುಗಾಳಿ, ಆಲಿಕಲ್ಲು ಶ್ರೀನಿವಾಸಪುರದವರಿಗೆ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಎರಡು ಕಡೆ ಬರೀ ಮೇಲಿಂದ ಮೇಲೆ ಕೂರುವ ನಮೂನೆಗಿಂತ, ಹಳೇ ಮಂಗಳೂರು ಹೆಂಚಿನ ಅಂಚನ್ನೂ ಮೀರಿಸಿ ನಾಲ್ಕೂ ಕಡೆ ಕೊಂಡಿಯಂತೆ ಕಚ್ಚಿಕೊಳ್ಳುವ ನಮೂನೆಯೇ ಮೇಲು. ಅದರಲ್ಲಿ ಮೊಳೆ ಮಡಿಕೆಯೊಳಗೆ ಮುಚ್ಚಿಹೋಗುತ್ತದೆ, ಮಳೆನೀರು ಮೊಳೆ ತೂತಿಗೆ ಇಳಿಯುವುದಿಲ್ಲ. ತೆಳು ತಗಡಾದರೆ ಆಲಿಕಲ್ಲಿಗೆ ತಗ್ಗು ಬೀಳುತ್ತದೆ, ಗೇಜು ಕೇಳಿಯೇ ವ್ಯಾಪಾರ ಮಾಡಬೇಕು. ಬಣ್ಣದ ಲೇಪದಲ್ಲಿ ಪಾಲಿಯೆಸ್ಟರ್ ಅಗ್ಗ, ಬಿಸಿಲಿಗೆ ಬೇಗ ಮಾಸುತ್ತದೆ. ಪಿವಿಡಿಎಫ್ ಎನ್ನುವುದು ದುಬಾರಿ, ಬಹಳ ವರ್ಷ ಬರುತ್ತದೆ.

ಸೆಕೆಯ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ತಂಪು ಅಂತಾರೆ. ಬಿಸಿಲನ್ನು ಅದು ಹಿಂದಕ್ಕೆ ಹೊಡೆಯುವುದು ನಿಜ, ಹೀರಿಕೊಂಡಷ್ಟು ಕಾವನ್ನು ಬಿಟ್ಟುಕೊಡುವುದರಲ್ಲಿ ಮಾತ್ರ ಜಿಪುಣ. ಅದಕ್ಕಿಂತ ತಿಳಿಬಣ್ಣ ಬಳಿದದ್ದೇ ವಾಸಿ. ಎಲ್ಲಕ್ಕಿಂತ ಮುಖ್ಯ, ತಗಡಿಗೂ ಅದರ ಕೆಳಗಿನ ಹಲಗೆಗೂ ನಡುವೆ ರೀಪರು ಕೊಟ್ಟು ಗಾಳಿ ಆಡಲು ಬಿಡಬೇಕು. ಲೈನು ಮನೆಗಳಲ್ಲಿ ಇಲ್ಲದೆ ಹೋದದ್ದು ಇದೇ. ಕೆಳಗೆ ಹಲಗೆ ಇದ್ದರೆ ಮಳೆಯ ಸದ್ದೂ ತಗ್ಗುತ್ತದೆ. ಅಲ್ಯೂಮಿನಿಯಂಗೆ ಹಸಿ ಸಿಮೆಂಟ್ ಆಗದು, ಬರಿಯ ಕಬ್ಬಿಣದ ಮೊಳೆಯೂ ಆಗದು. ಸ್ಟೇನ್‌ಲೆಸ್ ಸ್ಕ್ರೂ ಇಲ್ಲವೇ ಅಲ್ಯೂಮಿನಿಯಂ ಮೊಳೆಯೇ ಬೇಕು. ಇದನ್ನು ಮೇಸ್ತ್ರಿಗೆ ನೀವೇ ನಿಂತು ಹೇಳಬೇಕು.

ಇನ್ನೊಂದು ಲಾಭ ಇದೆ, ನಮ್ಮ ಸೀಮೆಗೆ ಅದೇ ದೊಡ್ಡದೆಂದು ನಮಗನ್ನಿಸುತ್ತದೆ. ಸಾವಿರ ಅಡಿ ಕೊರೆದರೂ ನೀರು ಸಿಗದ, ಸಿಕ್ಕರೂ ಎಷ್ಟೋ ಕಡೆ ಫ್ಲೋರೈಡ್ ತುಂಬಿದ ನೀರು ಕುಡಿಯುವ ಜನ ನಾವು. ಸಾವಿರ ಚದರಡಿಯ ಸೂರಿನ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ 65 ಸಾವಿರ ಲೀಟರ್ ನೀರು. ಚೆಲ್ಲಿದ್ದು, ಆರಿದ್ದು ಕಳೆದರೂ 50 ಸಾವಿರಕ್ಕೆ ಮೋಸವಿಲ್ಲ. ಮಣ್ಣಿನ ಮಾಳಿಗೆ ಈ ನೀರನ್ನು ಕುಡಿದುಬಿಡುತ್ತದೆ. ಹಳೇ ಆಸ್‌ಬೆಸ್ಟಾಸ್ ಶೀಟಿನ ನೀರನ್ನು ಕುಡಿಯಲು ನಾವು ಹೇಳುವುದಿಲ್ಲ. ಅದನ್ನು ಕತ್ತರಿಸುವಾಗ, ಒಡೆಯುವಾಗ ಏಳುವ ದೂಳು ಶ್ವಾಸಕೋಶಕ್ಕೆ ವಿಷ. ಲೋಹದ ಸೂರಿನಿಂದ ನೀರು ಸಲೀಸಾಗಿ ಜಾರಿ ಬರುತ್ತದೆ. ಅಂಚಿಗೆ ದೋಣಿ ಕಟ್ಟಿಸಿ, ಮೊದಲ ಮಳೆ ಹೊರಕ್ಕೆ ಬಿಟ್ಟು, ಸೋಸಿ ತೊಟ್ಟಿಗೆ ಇಳಿಸಬೇಕು. ಸೂರಿನ ಅಂದಾಜುಪಟ್ಟಿ ಬರೆಸುವಾಗಲೇ ದೋಣಿ, ತೊಟ್ಟಿಯನ್ನೂ ಸೇರಿಸಿ ಬರೆಸಿದರೆ ಆಮೇಲೆ ಬೇರೆ ಸಾಲಕ್ಕೆ ಓಡಾಡುವುದು ತಪ್ಪುತ್ತದೆ.

ಶಿಂಗಲ್ ಮಟ್ಟಸ ಸೂರಿಗೆ ಬರುವುದಿಲ್ಲ, ಇಳಿಜಾರು ಬೇಕೇ ಬೇಕು. ಹುಣಸೆಹಣ್ಣು, ಹಪ್ಪಳ, ಮೆಣಸಿನಕಾಯಿ ಒಣಗಿಸಲು ಹೆಂಗಸರಿಗೆ ಜಾಗ ಬೇಕಲ್ಲ, ಒಂದು ಪಡಸಾಲೆಯಷ್ಟನ್ನಾದರೂ ಹಳೇ ಚಪ್ಪಡಿಯಲ್ಲೇ ಉಳಿಸಿಕೊಳ್ಳಿ. ಗಟ್ಟಿ ತೊಲೆ, ಗಟ್ಟಿ ಹೆಂಚು ಇರುವವರು ಒಡೆದಷ್ಟನ್ನು ಮಾತ್ರ ಬದಲಿಸಿಕೊಂಡರೆ ಸಾಕು. ಕೆಳಗಿಳಿಸಿದ ಚಪ್ಪಡಿಯನ್ನು ಸಿಕ್ಕಿದ ಬೆಲೆಗೆ ಕೊಟ್ಟುಬಿಡುವ ಮುಂಚೆ ಕೊಟ್ಟಿಗೆಯ ನೆಲ, ಬಚ್ಚಲ ಹಾಸು, ತೊಟ್ಟಿಯ ಮುಚ್ಚಳ ಇವುಗಳ ಲೆಕ್ಕ ಹಾಕಿ.