ಬಿಸಿಲು, ಉಡುಗೆ ಮತ್ತು ಚರ್ಮ

ಕುಂಕಳ್ಳಿಯ ಪಶ್ಚಿಮಕ್ಕೆ, ಸಾಳ್ ನದಿಯಾಚೆ, ಕಾವೆಲೊಸಿಂ ಮತ್ತು ಮೋಬೋರ್ ಕಡಲತೀರಗಳಿವೆ. ಮೈಬಣ್ಣ ಕಂದಾಗಲೆಂದು ವಿದೇಶಿ ಪ್ರವಾಸಿಗರು ಅಲ್ಲಿ ಬಿಸಿಲಿಗೆ ಮೈಯೊಡ್ಡುತ್ತಾರೆ. ಒಂದು ಕಾಲದಲ್ಲಿ ಯುರೋಪಿನ ಸಿರಿವಂತರಿಗೆ ಕಂದಿದ ಮೈ ಕೂಲಿಯವರ ಗುರುತಾಗಿತ್ತು. 1920ರ ದಶಕದಲ್ಲಿ ಅದೇ ಸೊಗಸೆನಿಸಿತು. ಆದರೆ 1894ರಷ್ಟು ಹಿಂದೆಯೇ ಜರ್ಮನಿಯ ಚರ್ಮವೈದ್ಯ ಉನ್ನಾ, ನಾವಿಕರ ಬಿಸಿಲುಂಡ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟುವುದನ್ನು ದಾಖಲಿಸಿದ್ದನು.

ಕಪ್ಪು ಮೈಯವರಾದ ನಮಗೆ ಈ ಭಯವಿಲ್ಲವೆಂಬ ನಂಬಿಕೆಯುಂಟು. ಮೆಲನಿನ್ ನಮ್ಮನ್ನು ಬಿಸಿಲಿನಿಂದ ಬಹುಮಟ್ಟಿಗೆ ಕಾಯುತ್ತದೆ, ನಿಜ. ಆದರೆ ನಮ್ಮ ನಾಡಿನಲ್ಲಿ ರೋಗ ಬೇರೆ ದಾರಿಯಿಂದಲೂ ಬಂದಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ವಿ. ಆರ್. ಖಾನೋಲ್ಕರ್ ಅವರು ಸಹೋದ್ಯೋಗಿ ಸೂರ್ಯಾಬಾಯಿ ಅವರೊಡನೆ 1945ರಲ್ಲಿ ‘ಧೋತರದ ಕ್ಯಾನ್ಸರ್’ ಅನ್ನು ವಿವರಿಸಿದರು. ಸೊಂಟಕ್ಕೆ ಬಿಗಿದ ಬಟ್ಟೆ ವರ್ಷಗಟ್ಟಲೆ ಉಜ್ಜಿದ ಕಡೆ ಚರ್ಮ ದಪ್ಪವಾಗಿ, ಕೊನೆಗೆ ಮಾಯದ ಹುಣ್ಣಾಗುತ್ತಿತ್ತು. ಲಂಗದ ಲಾಡಿಯಿಂದ ಸ್ತ್ರೀಯರಲ್ಲಿಯೂ ಇದೇ ರೋಗ ಕಂಡುಬಂದಿದೆ. ಕಾಶ್ಮೀರದಲ್ಲಿ ಮೈಗೆ ಅವಚಿಕೊಳ್ಳುವ ಕಾಂಗ್ರಿಯ ಕೆಂಡದ ಕಾವು ಹೊಟ್ಟೆ, ತೊಡೆಗಳ ಮೇಲೆ ಕ್ಯಾನ್ಸರ್ ತಂದಿದೆ.

ಈ ಚರಿತ್ರೆಯಿಂದ ತಿಳಿಯುವುದು ಇಷ್ಟು: ಚರ್ಮಪರೀಕ್ಷೆ ಬಿಳಿಮೈಯವರಿಗಷ್ಟೇ ಮೀಸಲಲ್ಲ, ನಾವು ನೋಡಬೇಕಾದ ಜಾಗಗಳೂ ಬೇರೆ. ಕಪ್ಪು ಮೈಯವರಲ್ಲಿ ಮಾರಕ ಮೆಲನೋಮ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಅಡಗಿರುತ್ತದೆ. ತಿಂಗಳಿಗೊಮ್ಮೆ ಇವುಗಳನ್ನೂ ಸೊಂಟದ ಗೆರೆಯನ್ನೂ ಹಳೆಯ ಸುಟ್ಟಗಾಯದ ಕಲೆಗಳನ್ನೂ ನೋಡಿಕೊಳ್ಳಬೇಕು. ಮನೆಯ ಹಿರಿಯರ ಅಂಗಾಲನ್ನು ಕಿರಿಯರು ನೋಡಬೇಕು. ಬಣ್ಣ ಅಥವಾ ಆಕಾರ ಬದಲಿಸುವ ಮಚ್ಚೆ, ತಿಂಗಳಾದರೂ ಮಾಯದ ಹುಣ್ಣು ಕಂಡರೆ ಮುಲಾಮು ಹಚ್ಚಿ ಕಾಲ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು. ಬೇಗ ಕಂಡರೆ ಬಹುಪಾಲು ಚರ್ಮದ ಕ್ಯಾನ್ಸರ್ ಸಣ್ಣ ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುತ್ತದೆ.