ಜೋಳದ ಋಣ ಮತ್ತು ನನ್ನ ಮೊದಲ ರೊಟ್ಟಿ

ಎಂಟು ವರ್ಷ ನನ್ನ ಬೆಂಗಳೂರಿನ ಬಾಡಿಗೆ ಮನೆಗೆ ಹದಿನೈದು ದಿನಕ್ಕೊಮ್ಮೆ ಒಂದು ರಟ್ಟಿನ ಡಬ್ಬಿ ಬರ್ತಿತ್ತು. ಆಳಂದದಿಂದ ರಾತ್ರಿ ಹೊರಡೋ ಬಸ್ಸಿನ ಡಿಕ್ಕಿಯಲ್ಲಿ ಪ್ರಯಾಣ ಮಾಡಿ, ಬೆಳಿಗ್ಗೆ ನನ್ನ ಕೈ ಸೇರ್ತಿತ್ತು. ಒಳಗೆ ಅಪ್ಪನ ಹಳೆ ಧೋತರದಲ್ಲಿ ಸುತ್ತಿದ ನಲವತ್ತು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ. ಆಫೀಸಿನಿಂದ ಎಷ್ಟು ಹೊತ್ತಿಗೆ ಬಂದ್ರೂ ಊಟಕ್ಕೆ ಚಿಂತೆ ಇರಲಿಲ್ಲ.

ಹೋದ ವರ್ಷ ಡಬ್ಬಿ ನಿಂತಿತು. ಅವ್ವನ ಬಲಭುಜ ಹಿಡಿದುಕೊಂಡಿತ್ತು. ಆರು ತಿಂಗಳು ಯಾರಿಗೂ ಹೇಳದೆ ಬಡಿದಿದ್ದಾಳೆ. ಕೊನೆಗೆ ಡಾಕ್ಟರು, ಇನ್ನು ರೊಟ್ಟಿ ಬಡಿಯೋದು ಬಂದ್ ಅಂದರು. "ಮಂದಿ ಕಡಿಂದ ಮಾಡ್ಸಿ ಕಳಸ್ತೀನಿ ಬಿಡು ತಮ್ಮಾ" ಅಂದಳು. "ಬ್ಯಾಡವ್ವ, ನಾನೇ ಮಾಡ್ಕೋತೀನಿ" ಅಂದೆ. ಫೋನಿನ ಆ ಕಡೆ ಅವ್ವ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. "ನೀ ರೊಟ್ಟಿ ಮಾಡಾಂವಾ?"

ಆ ಭಾನುವಾರ ಸೂಪರ್ ಮಾರ್ಕೆಟ್ಟಿನಿಂದ ಒಂದು ಕಿಲೋ ಜೋಳದ ಹಿಟ್ಟಿನ ಪ್ಯಾಕೆಟ್ ತಂದೆ. ಚಪಾತಿ ಹಿಟ್ಟಿನ ಹಾಗೆ ತಣ್ಣೀರು ಹಾಕಿ ನಾದಿದೆ. ಬಡಿಯೋಕೆ ಶುರು ಮಾಡಿದ್ದೇ ತಡ, ಅಂಚು ಸೀಳಿತು. ಎತ್ತಿ ತವಾಕ್ಕೆ ಹಾಕೋ ಹೊತ್ತಿಗೆ ನಾಲ್ಕು ತುಂಡು. ಎರಡನೆಯದು ಕೈಯಲ್ಲೇ ಉದುರಿತು. ಆರನೆಯದರ ಹೊತ್ತಿಗೆ ಅಡುಗೆಮನೆ ತುಂಬ ಹಿಟ್ಟು, ನನ್ನ ತಲೆ ತುಂಬ ಸಿಟ್ಟು.

ಫೋನಿನಲ್ಲಿ ಮೂರು ತಾಲ್ಲೂಕಿನ ಪಂಚಾಯ್ತಿ ಸೇರಿತು. ಆಳಂದದ ಅವ್ವ ಕೇಳಿದ ಮೊದಲ ಪ್ರಶ್ನೆ: "ಎಸರಿಟ್ಟಿದ್ಯೋ ಇಲ್ಲೋ?" ಅಫಜಲಪುರದ ಅತ್ತಿ, ಅಂದ್ರೆ ಅವ್ವನ ಅಣ್ಣನ ಹೆಂಡತಿ, "ಪ್ಯಾಕೆಟ್ ಹಿಟ್ಟು ಎಂದ ಬೀಸ್ಯಾರೋ ಏನೋ, ಹಳೀ ಹಿಟ್ಟಿಗಿ ಜಿಗಿ ಬರಂಗಿಲ್ಲ" ಅಂತ ತೀರ್ಪು ಕೊಟ್ಟಳು. ಜೇವರ್ಗಿಗೆ ಕೊಟ್ಟಿರೋ ಅಕ್ಕ ಮಾತ್ರ, "ಹಿಟ್ಟಿಂದಲ್ಲ, ನಿನ್ನ ಕೈದು ತಪ್ಪು" ಅಂದಳು. ಮೂವರೂ ಸರಿಯೇ ಇದ್ದರು.

ಗೋಧಿಗೆ ಗ್ಲುಟೆನ್ ಇದೆ. ನೀರು ಬಿದ್ದ ಕೂಡಲೇ ಅದು ಬಲೆ ಹೆಣೆದು ಹಿಟ್ಟನ್ನ ಹಿಡಿದುಕೊಳ್ಳುತ್ತೆ. ಜೋಳದಲ್ಲಿ ಅದು ಇಲ್ಲ. ಕುದಿಯೋ ನೀರು ಹಾಕಿದಾಗ ಜೋಳದ ಪಿಷ್ಟ ಉಬ್ಬಿ ಅಂಟಾಗುತ್ತೆ, ಆ ಅಂಟೇ ಅದಕ್ಕಿರೋ ಹಿಡಿತ. ಅವ್ವ ಎಸರು ಅಂದದ್ದು ಅದಕ್ಕೇ. ಪಿಷ್ಟ ಅನ್ನೋ ಮಾತು ಕೇಳದ ಹೆಂಗಸರು ಈ ಉಪಾಯ ಕಂಡುಕೊಂಡು ಎಷ್ಟು ಕಾಲವಾಯ್ತೋ! ಈ ಯೋಚನೆಯೇ ನನ್ನನ್ನ ತವಾದಿಂದ ಇತಿಹಾಸದ ಕಡೆ ಎಳೆದುಕೊಂಡು ಹೋಯ್ತು.

ಮೊದಲ ಆಶ್ಚರ್ಯ: ಜೋಳ ನಮ್ಮದಲ್ಲ! ಅದರ ತವರು ಆಫ್ರಿಕಾ. ಪೂರ್ವ ಸೂಡಾನಿನ ಕಸ್ಸಲಾ ಹತ್ತಿರ ಸಿಕ್ಕ ಮಡಕೆ ಚೂರುಗಳಲ್ಲಿ ಜೋಳದ ಗುರುತುಗಳಿದ್ದು, ಅಲ್ಲಿ 5000 ವರ್ಷಕ್ಕೂ ಹಿಂದೆ ಅದನ್ನ ಪಳಗಿಸುತ್ತಿದ್ದರು ಅಂತ 2017ರಲ್ಲಿ ಸಂಶೋಧಕರು ಪ್ರಕಟಿಸಿದರು. ಭಾರತಕ್ಕೆ ಅದು ಬಂದದ್ದು ಸುಮಾರು 4000 ವರ್ಷದ ಹಿಂದೆ. ಅದಕ್ಕೂ ಮೊದಲು ನಮ್ಮ ದಖ್ಖನ್ನಿನ ಹೊಸಶಿಲಾಯುಗದ ಜನ ಬೆಳೀತಿದ್ದದ್ದು ಕೊರಲೆಯಂಥ ಕಿರುಧಾನ್ಯ ಮತ್ತು ಹುರಳಿ. ಇನ್ನು ಹಿಂಡಿಯೊಳಗಿನ ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು, ಪೋರ್ಚುಗೀಸರು ಬಂದ ಮೇಲೆ ಇಲ್ಲಿಗೆ ತಲುಪಿದವು. "ಪಕ್ಕಾ ನಮ್ಮೂರ ಊಟ" ಅಂತ ನಾನು ಇನ್‌ಸ್ಟಾಗ್ರಾಮಿನಲ್ಲಿ ಹಾಕ್ತಿದ್ದ ತಟ್ಟೆಯಲ್ಲಿ ಎರಡು ಖಂಡ ಕೂತಿದ್ದವು. ಆದರೆ ಬಂದ ಅತಿಥಿ ಯಜಮಾನನೇ ಆಗಿಬಿಟ್ಟಿದ್ದ. ನಮ್ಮ ಎರೆಭೂಮಿ ಮಳೆಗಾಲದ ತೇವ ಹಿಡಿದಿಟ್ಟುಕೊಳ್ಳುತ್ತೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ, ಆಮೇಲೆ ಮಳೆ ಬರದೇ ಇದ್ದರೂ, ಆ ತೇವ ಕುಡಿದೇ ಫೆಬ್ರವರಿ-ಮಾರ್ಚಿಗೆ ತೆನೆ ಕೊಡುತ್ತೆ. ಕಾಳು ಮನುಷ್ಯರಿಗೆ, ಕಣಿಕಿ ಎತ್ತಿಗೆ. ಭೀಮಾ ದಂಡೆಯ ಬದುಕಿಗೆ ಇದಕ್ಕಿಂತ ಹೊಂದೋ ಬೆಳೆ ಇನ್ನೊಂದಿರಲಿಲ್ಲ.

ಎಷ್ಟರ ಮಟ್ಟಿಗೆ ಅಂದ್ರೆ, ಹಳಗನ್ನಡದಲ್ಲಿ ಜೋಳ ಅಂದ್ರೆ ಸಂಬಳ! ಪಂಪನ ಕಾಲದ ಕಾವ್ಯಗಳಲ್ಲಿ, ಶಾಸನಗಳಲ್ಲಿ "ಜೋಳವಾಳಿ" ಅಥವಾ "ಜೋಳದ ಪಾಳಿ" ಅನ್ನೋ ಮಾತು ಬರುತ್ತೆ. ಒಡೆಯ ಹಾಕಿದ ಜೋಳ ತಿಂದವನು ಯುದ್ಧದಲ್ಲಿ ಜೀವ ಕೊಟ್ಟು ಆ ಋಣ ತೀರಿಸಬೇಕು ಅನ್ನೋ ನಿಷ್ಠೆ ಅದು. ಒಡೆಯ ಸತ್ತಾಗ ಜೊತೆಗೆ ಪ್ರಾಣ ಬಿಡುವ ಪ್ರತಿಜ್ಞೆಗೆ "ವೇಳೆವಾಳಿ" ಅನ್ನೋ ಬೇರೆ ಹೆಸರೇ ಇತ್ತು. ಚಿದಾನಂದಮೂರ್ತಿಯವರು ಕನ್ನಡ ಶಾಸನಗಳ ಮೇಲಿನ ತಮ್ಮ ಅಧ್ಯಯನದಲ್ಲಿ ಈ ವೀರರ ಲೋಕವನ್ನ ತೆರೆದಿಟ್ಟಿದ್ದಾರೆ. ಆ ಕಾಲದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಈಗಿನ ಮಳಖೇಡ, ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲೇ ಇದೆ. ತಿಂಗಳ ಕೊನೆಗೆ ಸ್ಯಾಲರಿ ಸ್ಲಿಪ್ ನೋಡುವಾಗ ನನಗೀಗ ಈ ಮಾತು ನೆನಪಾಗಿ ನಗು ಬರುತ್ತೆ. ಕಂಪನಿಗಾಗಿ ಪ್ರಾಣ ಬಿಡು ಅಂತ ಯಾರೂ ಬಾಯಿಬಿಟ್ಟು ಕೇಳಿಲ್ಲ, ಸದ್ಯ.

ಆದರೆ ಶಾಸನಗಳಲ್ಲಿ ನನಗೆ ಕಾಣದ ಒಂದು ವಿಷಯ ಇದೆ. ಒಡೆಯ ಕೊಟ್ಟದ್ದು ಕಾಳು. ಕಾಳನ್ನ ವೀರ ಹಾಗೇ ಮುಕ್ಕಲಿಲ್ಲ. ಯಾರೋ ನಸುಕಿನಲ್ಲೆದ್ದು ಬೀಸುಕಲ್ಲು ತಿರುಗಿಸಿ, ಯಾರೋ ಒಲೆ ಮುಂದೆ ಕೂತು ಬಡಿದಿದ್ದರು. ಅವರ ಪಾಳಿ ಯಾರು ತೀರಿಸಿದರು? ವೀರಗಲ್ಲು ನಿಂತದ್ದು ಸತ್ತವನಿಗೆ.

ನಮ್ಮ ಆಯಿಯ ಜೋಳದ ಕಥೆಗಳು ಬೇರೆ. 1948ರ ಸೆಪ್ಟೆಂಬರಿನ ತನಕ ನಮ್ಮ ಮೂರೂ ತಾಲ್ಲೂಕು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1940ರ ದಶಕದಲ್ಲಿ, ಯುದ್ಧದ ಕಾಲದಲ್ಲಿ, ಸರ್ಕಾರ ರೈತರಿಂದ ಕಡ್ಡಾಯವಾಗಿ ಧಾನ್ಯ ಎತ್ತುತ್ತಿತ್ತು. ಅದಕ್ಕೆ ಲೆವಿ ಅಂತಿದ್ದರು. ನಮ್ಮ ಮನೆಯ ಜೋಳ ಹಗೇವಿನಲ್ಲಿರ್ತಿತ್ತು. ಹಗೇವು ಅಂದ್ರೆ ನೆಲದೊಳಗೆ ತೋಡಿದ ಕಣಜ. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡ್ತಿರಲಿಲ್ಲ. ಒಳಗೆ ಗಾಳಿ ಇಲ್ಲದಿದ್ದರೆ ಹುಳ ಬದುಕೋದಿಲ್ಲ. ಮನುಷ್ಯನೂ ಬದುಕೋದಿಲ್ಲ, ಅದಕ್ಕೇ ತೆರೆದ ಕೂಡಲೇ ಇಳೀದೆ, ದೀಪ ಇಳಿಬಿಟ್ಟು ನೋಡ್ತಿದ್ದರು. ದೀಪ ಆರಿದರೆ ಇಳಿಯೋ ಹಾಗಿಲ್ಲ. "ಲೆವಿ ಮಂದಿ ಬಂದಾಗ ಹಗೇವಿನ ಬಾಯಿ ಮ್ಯಾಲ ದನ ಕಟ್ತಿದ್ರು ನೋಡು" ಅಂತ ಆಯಿ ನಗ್ತಿದ್ದಳು.

1972ರ ಬರದ ಮಾತು ಬಂದರೆ ಮಾತ್ರ ನಗ್ತಿರಲಿಲ್ಲ. ಆ ಬರದಲ್ಲಿ ಪಕ್ಕದ ಮಹಾರಾಷ್ಟ್ರದ ರೇಷನ್ ಅಂಗಡಿಗಳಿಗೆ ಅಮೆರಿಕದ ಕೆಂಪು ಜೋಳ ಬಂತು, ಮೈಲೋ ಅಂತ ಅದರ ಹೆಸರು. ಅಲ್ಲಿ ಅದು ಹೆಚ್ಚಾಗಿ ದನದ ಮೇವು. ಅಕ್ಕಲಕೋಟದ ನೆಂಟರ ಮನೆಯಲ್ಲಿ ಆ ರೊಟ್ಟಿ ತಿಂದು ಬಂದ ಆಯಿ, ಸಾಯೋ ತನಕ ಕೆಂಪು ಜೋಳ ಮುಟ್ಟಲಿಲ್ಲ.

ಆಮೇಲಿನ ಕಥೆ ಬೇಗ ಮುಗಿಯುತ್ತೆ. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂತು. ಇಳುವರಿ ಜಾಸ್ತಿ, ಆದರೆ ಮುಂಗಾರಿ ಬೆಳೆ. ಕಟಾವಿನ ಹೊತ್ತಿಗೆ ಮಳೆ ಬಿದ್ದರೆ ಕಾಳು ಕಪ್ಪಾಗುತ್ತೆ. ರೊಟ್ಟಿಗೆ ನಮ್ಮ ಜನ ನಂಬಿದ್ದು ಹಿಂಗಾರಿಯ ಮಾಲದಂಡಿಯನ್ನೇ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಸ್ಥಳೀಯ ತಳಿಯಿಂದ ಆರಿಸಿದ ಎಂ 35-1 ಇವತ್ತಿಗೂ ನಮ್ಮ ಹೊಲಗಳಲ್ಲಿದೆ. ಹೊಲಗಳೇ ಕಡಿಮೆಯಾಗಿವೆ ಅಷ್ಟೇ. 1970ರ ಸುಮಾರಿಗೆ ದೇಶದಲ್ಲಿ 170 ಲಕ್ಷ ಹೆಕ್ಟೇರಿನಷ್ಟಿದ್ದ ಜೋಳ ಈಗ 50 ಲಕ್ಷಕ್ಕಿಂತ ಕೆಳಗಿಳಿದಿದೆ. ರೇಷನ್ನಿನಲ್ಲಿ ಅಕ್ಕಿ ಬಂತು, ಆಳಂದದಲ್ಲಿ ತೊಗರಿ ಹಬ್ಬಿತು, ಅಫಜಲಪುರದ ಭೀಮಾ ದಂಡೆಗೆ ಕಬ್ಬು ಬಂತು, ಜೇವರ್ಗಿಯಲ್ಲಿ ಹತ್ತಿ. ರೈತನನ್ನ ಬೈಯೋಕೆ ನನಗೆ ಹಕ್ಕಿಲ್ಲ. 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಘೋಷಿಸಿದಾಗ ನಮ್ಮ ಆಫೀಸ್ ಕ್ಯಾಂಟೀನಿನಲ್ಲೂ ಜೋಳದ ರೊಟ್ಟಿ ಕಾಣಿಸಿತು. ಜೋಳಕ್ಕೆ ಮರ್ಯಾದೆ ಬಂತು. ಒಳ್ಳೇದೇ. ಬಡಿಯೋ ಕೈಗೆ ಬಂತಾ?

ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಅವ್ವ ಮದುವೆಯಾಗಿ ಬಂದು 38 ವರ್ಷ. ಕೂಡುಕುಟುಂಬ. ದಿನಕ್ಕೆ ಕಮ್ಮಿ ಅಂದ್ರೂ 25 ರೊಟ್ಟಿ. ಗುಣಿಸಿದರೆ ಮೂರೂವರೆ ಲಕ್ಷದ ಹತ್ತಿರ. ಅದರಲ್ಲಿ ನನ್ನ ಪಾಲಿನ ನಲವತ್ತು ನಲವತ್ತು, ನೋವು ಶುರುವಾದ ಮೇಲಿನ ಆರು ತಿಂಗಳಿನದೂ ಸೇರಿ. ಡಬ್ಬಿ ತೆರೆದಾಗ ನಾನು ಒಮ್ಮೆ "ಈ ಸಲ ರೊಟ್ಟಿ ದಪ್ಪ ಆಗ್ಯಾವ" ಅಂದಿದ್ದೆ. ಕೈ ಎತ್ತೋಕಾಗದೆ ದಪ್ಪ ಆಗಿದ್ದವು ಅಂತ ನನಗೇನು ಗೊತ್ತು.

ಮತ್ತೆ ಪ್ರಯತ್ನ ಶುರುವಾಯ್ತು. ಊರಿನಿಂದ ಮಾಲದಂಡಿ ಜೋಳ ತರಿಸಿ, ಇಲ್ಲೇ ಒಂದು ಗಿರಣಿ ಹುಡುಕಿ ವಾರಕ್ಕೆ ಬೇಕಾದಷ್ಟೇ ಬೀಸಿಸಿದೆ. ಕುದಿಯೋ ನೀರು ಹಾಕಿ, ಚಮಚೆಯಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ತಿಕ್ಕಿ ತಿಕ್ಕಿ ನಾದಿದೆ. ಬಡಿಯೋದು ಅಂದ್ರೆ ಜೋರಲ್ಲ, ಅಂಗೈ ತಟ್ಟುತ್ತಲೇ ರೊಟ್ಟಿಯನ್ನ ತಿರುಗಿಸಬೇಕು. ಹಿಟ್ಟು ಮೆತ್ತಿದ ಮಗ್ಗುಲು ಮೇಲೆ ಬರೋ ಹಾಗೆ ತವಾಕ್ಕೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರೋ ಹೊತ್ತಿಗೆ ತಿರುವಬೇಕು. ಬೇಗ ತಿರುವಿದರೆ ಹರಿಯುತ್ತೆ, ತಡವಾದರೆ ಬಿರಿಯುತ್ತೆ. ಮೂರನೇ ತಿಂಗಳಿಗೆ ಒಂದು ರೊಟ್ಟಿ ಉಬ್ಬಿತು. ರಾತ್ರಿ ಹತ್ತೂವರೆಗೆ ಫೋಟೋ ತೆಗೆದು ಮೂರೂ ತಾಲ್ಲೂಕಿಗೆ ಕಳಿಸಿದೆ. ಅಕ್ಕನ ಉತ್ತರ: "ಭಾರತದ ನಕ್ಷಿ ಆಗ್ಯದ."

ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದೆ. ಹಬ್ಬದ ಮರುದಿನ ಬೆಳಿಗ್ಗೆ ಅವ್ವನನ್ನ ಕಟ್ಟೆ ಮೇಲೆ ಕೂಡಿಸಿ, ನಾನು ಪರಾತ ಹಿಡಿದೆ. ಓಣಿಯ ಒಬ್ಬ ಕಾಕಾ ಬಾಗಿಲಲ್ಲಿ ನಿಂತು, "ಇಂಜಿನಿಯರ್ ಸಾಹೇಬ್ರು ರೊಟ್ಟಿ ಬಡೀಲಕತ್ತಾರಲ್ಲೋ" ಅಂತ ಅಪ್ಪನ ಮುಖ ನೋಡಿದರು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪೇಪರ್ ಮಡಚಿಟ್ಟು ಬಂದು, ಒಲೆಗೆ ಕಟ್ಟಿಗೆ ಸರಿಸಿದರು. ನನಗೆ ತಿಳಿದ ಮಟ್ಟಿಗೆ ಅಡುಗೆಮನೆಯಲ್ಲಿ ಅವರು ಮಾಡಿದ ಮೊದಲ ಕೆಲಸ ಅದು.

ಅವ್ವ ಎಡಗೈಯಿಂದ ರೊಟ್ಟಿ ಮುರಿದು, ಹಿಂಡಿ ಹಚ್ಚಿ ಬಾಯಿಗಿಟ್ಟಳು. ನಿಧಾನಕ್ಕೆ ಅಗಿದಳು. ನಾವಿಬ್ಬರೂ ಅವಳ ಮುಖವನ್ನೇ ನೋಡ್ತಿದ್ದೆವು.

"ಅಂಚ ದಪ್ಪ ಆಗ್ಯದ" ಅಂದಳು. ಆಮೇಲೆ ತಟ್ಟೆ ಮುಂದೆ ಮಾಡಿ, "ಇನ್ನೊಂದು ಹಾಕು."